ಅವಳಿಗೆ ಕನ್ನಡಿ ಮುಂದೆ ಎಷ್ಟು ಹೊತ್ತು ಸಿಗುತ್ತದೆ?

ಪ್ರೀತಿಯ ಪುಟ್ಟಿ,

ಮೊದಲ ಸಲ ಒಂದು ಇಡೀ ಸಿನಿಮಾದ ಕಾಸ್ಟ್ಯೂಮ್ ನಿನ್ನ ಕೈಗೆ ಬಂದಿದೆ. ತುಂಬಾ ಖುಷಿಯಾಯಿತು. ನೀನು ಕಳಿಸಿದ ಫೋಟೋಗಳನ್ನು ನೋಡಿದೆ. ಬಣ್ಣ ಚೆನ್ನಾಗಿ ಆರಿಸಿದ್ದೀಯ. ಆದರೆ ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್ ಅಂದೆಯಲ್ಲ, ಅವಳ ಬಟ್ಟೆಯಲ್ಲಿ ಒಂದು ಸುಕ್ಕೂ ಇಲ್ಲ. ಕೂದಲು ಈಗಷ್ಟೇ ಬಾಚಿದ ಹಾಗಿದೆ.

ಬಟ್ಟೆ ಹುಡುಕುವ ಮೊದಲು ಅವಳ ದಿನವನ್ನು ಯೋಚಿಸು. ಕನ್ನಡಿ ಮುಂದೆ ಎಷ್ಟು ಹೊತ್ತು ಸಿಗುತ್ತದೆ? ಬಟ್ಟೆ ಯಾರು ಒಗೆಯುತ್ತಾರೆ? ಕೈಗೆ ದುಡ್ಡು ಬಂದರೆ ಮೊದಲು ಏನು ಕೊಳ್ಳುತ್ತಾಳೆ? ಚಿತ್ರಕಥೆಯಲ್ಲಿ ಇದೆಲ್ಲ ಇರುವುದಿಲ್ಲ. ನಿರ್ದೇಶಕರ ಜೊತೆ, ನಟಿಯ ಜೊತೆ ಕೂತು ಮಾತಾಡು. ಹೇರ್ ಸ್ಟೈಲಿಸ್ಟನ್ನೂ ಅಂದೇ ಕರೆದುಕೋ. ಬಟ್ಟೆ ಒಬ್ಬಳದು, ತಲೆ ಇನ್ನೊಬ್ಬಳದು ಅನ್ನಿಸಬಾರದು.

ಬಟ್ಟೆಯನ್ನು ಹಳತು ಮಾಡುವಾಗ ಸುಮ್ನೆ ಎಲ್ಲ ಕಡೆ ಉಜ್ಜಬೇಡ. ಕಾಲರಿನ ಮಡಿಕೆ, ಮೊಣಕೈ, ಜೇಬಿನ ಅಂಚು ಮೊದಲು ಸವೆಯುತ್ತವೆ. ಅಲ್ಲಿ ಮಾತ್ರ ಸ್ಯಾಂಡ್‌ಪೇಪರ್ ಆಡಿಸು. ಜೇಬು ಜೋತುಬೀಳಬೇಕಾದರೆ ಭಾರ ತುಂಬಿ ನೇತುಹಾಕು. ಅಪ್ಪಟ ಬಿಳಿ ಬಟ್ಟೆ ಬೆಳಕಿಗೆ ಕಣ್ಣು ಕುಕ್ಕುತ್ತದೆ; ಟೀ ಡಿಕಾಕ್ಷನ್ನಿನಲ್ಲಿ ಅದ್ದಿದರೆ ಹದಕ್ಕೆ ಬರುತ್ತದೆ. ತೀರಾ ಸಣ್ಣ ಗೆರೆಯ ಬಟ್ಟೆ ಕ್ಯಾಮೆರಾದಲ್ಲಿ ಅಲೆಯಾಡಿದ ಹಾಗೆ ಕಾಣಬಹುದು. ಆ ಬೆಳಕಿನಲ್ಲಿ, ಆ ಕ್ಯಾಮೆರಾದಲ್ಲಿ ಟೆಸ್ಟ್ ಮಾಡದೆ ಯಾವುದನ್ನೂ ಒಪ್ಪಬೇಡ.

ಕೂದಲಿನ ವಿಷಯಕ್ಕೆ ಜಾಸ್ತಿ ಹೊತ್ತು ಕೊಡು. ತಿಂಗಳಿಗೆ ಅದು ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನಿನ್ನ ನರ್ಸ್ ಕೂದಲಿಗೆ ಬಣ್ಣ ಹಚ್ಚುವವಳು. ಕಥೆಯಲ್ಲಿ ಗಂಡನಿಗೆ ಕಾಯಿಲೆ ಬಂದ ಮೇಲೆ ಅದನ್ನು ಬಿಟ್ಟಿದ್ದಾಳೆ. 4 ತಿಂಗಳು ಕಳೆದರೆ ಬೈತಲೆಯಲ್ಲಿ 4 ಸೆಂಟಿಮೀಟರಿನಷ್ಟು ನರೆ ಕಾಣಲೇಬೇಕು. ಅವಳು ಬಾಯಿಬಿಟ್ಟು ಹೇಳದ ಕಷ್ಟ ಅಲ್ಲಿ ಕಾಣುತ್ತದೆ. ಶೂಟಿಂಗ್ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ, ಕೊನೆಯ ಸೀನನ್ನೇ ಮೊದಲ ದಿನ ತೆಗೆಯಬಹುದು. ಅದಕ್ಕೆ ಪ್ರತಿ ಸೀನಿಗೂ ಕಥೆಯಲ್ಲಿ ಅದು ಎಷ್ಟನೇ ದಿನ ಅಂತ ಬರೆದ ಚಾರ್ಟ್ ನಿನ್ನ ಹತ್ತಿರ ಇರಲಿ. ಒಂದು ಶಾಟಿನ ವೇಷ ಇನ್ನೊಂದಕ್ಕೆ ಹೊಂದಲಿ ಅಂತ ತೆಗೆದಿಡುವ ಕಂಟಿನ್ಯುಟಿ ಫೋಟೋವನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ತೆಗೆ. ಹಿಂದಿನಿಂದ ತೆಗೆಯುವುದನ್ನು ಎಲ್ಲರೂ ಮರೆಯುತ್ತಾರೆ. ವಿಗ್ ಬೇಕಾದರೆ ಹಣೆಯ ಅಂಚನ್ನು ಹತ್ತಿರದ ಶಾಟಿನಲ್ಲಿ ನೋಡು.

‘ಗಾಂಧಿ’ ಚಿತ್ರವನ್ನು ಇನ್ನೊಮ್ಮೆ ಮಾತು ಆಫ್ ಮಾಡಿ ನೋಡು. ಅದರ ಕಾಸ್ಟ್ಯೂಮಿಗೇ 1983ರಲ್ಲಿ ಭಾನು ಅಥೈಯಾ ಅವರಿಗೆ ಜಾನ್ ಮೊಲ್ಲೊ ಜೊತೆ ಆಸ್ಕರ್ ಬಂತು. ಸೂಟು ತೊಟ್ಟ ವಕೀಲ ಖಾದಿ ಪಂಚೆಗೆ ಬರುವ ದಾರಿ ಬಟ್ಟೆಯಲ್ಲೇ ತಿಳಿಯುತ್ತದೆ. ನಿನ್ನ ನರ್ಸಿಗೂ ಅಂಥ ಒಂದು ದಾರಿ ಬೇಕು. ಸಣ್ಣದಾದರೂ ಸಾಕು.

ಇನ್ನೊಂದು, ಅವಳ ಚಪ್ಪಲಿಯನ್ನು ನಟಿಗೆ ಈಗಲೇ ಕೊಟ್ಟುಬಿಡು. ರಿಹರ್ಸಲ್‌ನಲ್ಲಿ ಹಾಕಿಕೊಂಡು ಓಡಾಡಲಿ. ಫ್ರೇಮಿನಲ್ಲಿ ಕಾಲು ಕಾಣದಿದ್ದರೂ ನಡಿಗೆ ಕಾಣುತ್ತದೆ, ಅಲ್ವಾ? ಕಚ್ಚುತ್ತಿದ್ದರೆ ಬೇರೆ ಕೊಡಿಸಲು ಇನ್ನೂ ಸಮಯವಿದೆ.

ನಿನ್ನ
ದೊಡ್ಡಮ್ಮ