ಹಿತ್ತಲಿಗೆ ಟೈಲ್ಸ್ ಬೇಡ, ಪುಟ್ಟಿ

ಪ್ರೀತಿಯ ಪುಟ್ಟಿಗೆ,

ಫೋನಲ್ಲಿ ಈ ವಿಷಯ ಎತ್ತಿದರೆ ನೀನು "ಆಯ್ತಮ್ಮ, ಬಂದಾಗ ನೋಡೋಣ" ಅಂತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಹೋದ ವರ್ಷ ಆಷಾಢದಲ್ಲಿ ನಾನು ಜಾರಿ ಬಿದ್ದಾಗ ನೀನು ಪುಣೆಯಿಂದ ರಾತ್ರೋರಾತ್ರಿ ಹೊರಟು ಬಂದೆ. ನನ್ನ ಕೈಗೆ ಕಟ್ಟಿದ ಪಟ್ಟಿ ನೋಡಿ ಅತ್ತೆ. "ಹಿತ್ತಲಿಗೆ ಪೂರ್ತಿ ಟೈಲ್ಸ್ ಹಾಕಿಸೋಣ, 68 ವರ್ಷಕ್ಕೆ ಈ ಗುದ್ದಲಿ ಕೆಲಸ ಯಾಕೆ ನಿನಗೆ" ಅಂದೆ. ನಿನ್ನ ಭಯ ನನಗೆ ಗೊತ್ತಾಗುತ್ತದೆ. ಆದರೆ ನಾನು ಜಾರಿದ್ದು ಮಣ್ಣಿನ ಮೇಲಲ್ಲ. ನಲ್ಲಿ ಸುತ್ತ ಹಾಕಿಸಿದ್ದ ಸಿಮೆಂಟಿನ ಮೇಲೆ, ಎರಡೂ ಕೈಯಲ್ಲಿ ಬಕೆಟ್ ಹಿಡಿದು. ಮಳೆಗಾಲದಲ್ಲಿ ಪಾಚಿ ಕಟ್ಟುವುದು ಅಲ್ಲೇ. ಟೈಲ್ಸ್ ಹಾಕಿಸಿದರೆ ಹಿತ್ತಲಿಗೆ ಹಿತ್ತಲೇ ಜಾರುತ್ತದೆ.

ಬಕೆಟ್ ಹೊರುವುದು ಅವತ್ತಿಗೇ ಬಿಟ್ಟೆ. ನಿಮ್ಮಪ್ಪ ಪೈಪ್ ಹಾಕಿಸಿಕೊಟ್ಟರು. ಸಿಮೆಂಟ್ ಒಡೆಸಿ ಒರಟು ಕಲ್ಲುಚಪ್ಪಡಿ ಹಾಸಿದೆವು. ಆಮೇಲೆ ಒಂದೊಂದಾಗಿ ಎಲ್ಲವನ್ನೂ ನನ್ನ ಕೈಯೆತ್ತರಕ್ಕೆ ತಂದುಕೊಂಡೆ. ಅಡುಗೆಮನೆ ಕಿಟಕಿ ಕೆಳಗೆ ಸಿಮೆಂಟ್ ಇಟ್ಟಿಗೆಯನ್ನು ಮೂರು ವರಸೆ ಜೋಡಿಸಿ ಎರಡು ಅಡಿ ಎತ್ತರದ ಮಡಿ ಮಾಡಿಸಿದ್ದೇನೆ. ತಳಕ್ಕೆ ಒಡೆದ ಹೆಂಚು, ತೆಂಗಿನ ಸಿಪ್ಪೆ. ಮೇಲೆ ಕೆಮ್ಮಣ್ಣು, ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತರೆ ಸಾಕು, ನೆಲಕ್ಕೆ ಮಂಡಿಯೂರುವ ಕೆಲಸವೇ ಇಲ್ಲ. ಧನಿಯಾವನ್ನು ಅಂಗೈಯಲ್ಲಿ ಒತ್ತಿ ಎರಡು ಹೋಳು ಮಾಡಿ ಉದುರಿಸಿದೆ. ಮೆಂತ್ಯ ಒಂದು ತಿಂಗಳೊಳಗೆ ಕೀಳುವ ಹಾಗಾಯಿತು. ನುಗ್ಗೆ ಮರವನ್ನು ನಾಲ್ಕು ಅಡಿಗೆ ಕಡಿಸಿದಾಗ ನಿಮ್ಮಪ್ಪನಿಗೆ ತುಂಬ ಬೇಜಾರಾಗಿತ್ತು. ಈಗ ಸುತ್ತ ಚಿಗುರಿ, ಕಾಯಿ ಕೈಗೇ ಸಿಗುತ್ತದೆ. ದೋಟಿ ಬೇಡ, ಏಣಿ ಬೇಡ. ಕರಿಬೇವಿನ ತುದಿ ಚಿವುಟುತ್ತಾ ಇರುತ್ತೇನೆ, ಅದೂ ಪೊದೆಯಾಗಿದೆ. ಹುಳಿ ಮಜ್ಜಿಗೆ ಉಳಿದರೆ ಅದರ ಬುಡಕ್ಕೆ.

ಗುಲಾಬಿ ಕುಂಡಗಳನ್ನು ಮಾತ್ರ ಪಕ್ಕದ ಮನೆಯವರಿಗೆ ಕೊಟ್ಟೆ. ಅವಕ್ಕೆ ವಾರವಾರ ಏನಾದರೂ ಸಿಂಪಡಿಸಬೇಕು, ನನಗೆ ಆಗುವುದಿಲ್ಲ. ಬಿಟ್ಟಿದ್ದು ಒಳ್ಳೆಯದೇ ಆಯಿತು. ಮೊದಲೆಲ್ಲ ಬೆಳಗ್ಗೆ ಎದ್ದರೆ ನೀರು, ಕಳೆ, ಕಸ ಅಂತ ಓಡಾಟವೇ ಆಗುತ್ತಿತ್ತು. ಈಗ ಆರೂವರೆಗೆ ಕಾಫಿ ಹಿಡಿದು ಸ್ಟೂಲ್ ಮೇಲೆ ಕೂರುತ್ತೇನೆ. ಸೂರಕ್ಕಿ ದಾಸವಾಳಕ್ಕೆ ಬರುತ್ತದೆ. ಹೂವಿನ ಬಾಯಿಗೆ ಕೊಕ್ಕು ಹಾಕುವುದಿಲ್ಲ ಪುಟ್ಟಿ, ಬುಡದಲ್ಲೇ ಸಣ್ಣ ತೂತು ಮಾಡಿ ಮಕರಂದ ಹೀರುತ್ತದೆ! ಮೂವತ್ತು ವರ್ಷದಿಂದ ಆ ಗಿಡ ಅಲ್ಲಿದೆ. ನಾನು ಇದನ್ನು ನೋಡಿದ್ದು ಈ ವರ್ಷ.

ಇನ್ನು ಮಲ್ಲಿಗೆ ವಿಷಯ. ನಿನಗೆ ನೆನಪಿದೆ ಅಲ್ವಾ, ನಿನ್ನ ಜಡೆಗೆ ಅದರಿಂದಲೇ ಕಟ್ಟುತ್ತಿದ್ದೆ. ಎರಡು ವರ್ಷದಿಂದ ಬರೀ ಎಲೆ, ಹೂವೇ ಇರಲಿಲ್ಲ. ದೇವರಾಜ ಮಾರ್ಕೆಟ್ಟಿನಿಂದ ಮೊಳ ಲೆಕ್ಕದಲ್ಲಿ ತರುತ್ತಿದ್ದೆ. ಈ ಸಲ ಸಂಕ್ರಾಂತಿ ಆದ ಮೇಲೆ ಧೈರ್ಯ ಮಾಡಿ ಎರಡು ಅಡಿ ಬಿಟ್ಟು ಪೂರ್ತಿ ಸವರಿದೆ. ಉಳಿದ ಎಲೆಯನ್ನೂ ಕೈಯಿಂದ ಕಿತ್ತೆ. ನೋಡಲು ಒಣಕಡ್ಡಿಗಳ ಕಂತೆ. ಬುಡ ಬಿಡಿಸಿ ಒಂದು ಬುಟ್ಟಿ ಗೊಬ್ಬರ, ಎರಡು ಹಿಡಿ ಹೊಂಗೆ ಹಿಂಡಿ ಹಾಕಿ ನೀರು ಬಿಟ್ಟೆ. ಶಿವರಾತ್ರಿ ಹೊತ್ತಿಗೆ ಗಿಣ್ಣು ಗಿಣ್ಣಿನಲ್ಲೂ ಎಳೆ ಹಸಿರು. ಯುಗಾದಿ ಹಿಂದಿನ ದಿನ ಹನ್ನೊಂದು ಮೊಗ್ಗು ಎಣಿಸಿದೆ. ಏಪ್ರಿಲ್‌ನಲ್ಲಿ ಎಣಿಸುವುದನ್ನೇ ಬಿಟ್ಟೆ. ಸಂಜೆ ಮೊಗ್ಗು ಬೆಳ್ಳಗೆ ತುಂಬಿಕೊಂಡಿರುತ್ತದೆ, ಇನ್ನೂ ಬಿರಿದಿರುವುದಿಲ್ಲ. ಆಗ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಇಟ್ಟರೆ ರಾತ್ರಿಗೆ ಮನೆಯೆಲ್ಲ ಘಮ ಘಮ.

ಆ ಗೊಬ್ಬರವೂ ಮನೆಯದೇ. ತೂತು ಹೊಡೆದ ಡ್ರಮ್ಮಿನಲ್ಲಿ ಒಂದು ಪದರ ತರಕಾರಿ ಸಿಪ್ಪೆ, ಅದರ ಎರಡರಷ್ಟು ತರಗೆಲೆ. ಮೂರು ತಿಂಗಳಿಗೆ ಕಪ್ಪು ಪುಡಿಯಾಗುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆ ಅದಕ್ಕೆ. ವಾಸನೆ ಕೆಟ್ಟರೆ ತರಗೆಲೆ ಕಡಿಮೆಯಾಗಿದೆ ಅಂತ ಅರ್ಥ.

ಬೀಳುವ ಭಯ ನನಗೂ ಇದೆ. ಮಳೆ ನಿಂತ ತಕ್ಷಣ ಹಿತ್ತಲಿಗೆ ಇಳಿಯುವುದಿಲ್ಲ, ಮೊಬೈಲ್ ಸೊಂಟದ ಚೀಲದಲ್ಲೇ ಇರುತ್ತದೆ. ಆದರೆ ಬೆಳಗ್ಗೆ ಎದ್ದು ನೋಡಲು ಏನೂ ಇಲ್ಲದ ಮನೆಯಲ್ಲಿ ಕೂರಲು ನನಗೆ ಅದಕ್ಕಿಂತ ಜಾಸ್ತಿ ಭಯ. ಟೈಲ್ಸ್ ಮಾತು ಇನ್ನು ಬೇಡ ಪುಟ್ಟಿ.

ಇನ್ನೊಂದು ವಿಷಯ. ಮೃಗಶಿರ ಮಳೆ ಬಿದ್ದಾಗ ಮಲ್ಲಿಗೆಯ ಒಂದು ಬಳ್ಳಿಕೊಂಬೆಯನ್ನು ಬಗ್ಗಿಸಿ, ನಡುವೆ ಸ್ವಲ್ಪ ಸಿಪ್ಪೆ ಕೆರೆದು, ಪಕ್ಕದ ಕುಂಡದ ಮಣ್ಣಿನಲ್ಲಿ ಹೂತು ಮೇಲೊಂದು ಕಲ್ಲು ಇಟ್ಟಿದ್ದೇನೆ. ಇನ್ನೂ ಗಿಡದಿಂದ ಕತ್ತರಿಸಿಲ್ಲ. ದಸರಾ ಹೊತ್ತಿಗೆ ಬೇರು ಬಂದಿರುತ್ತದೆ. ನೀನು ಬಂದಾಗ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬಂದು, ನಿನ್ನ ಕೈಯಿಂದಲೇ ಕತ್ತರಿಸೋಣ. ಅಷ್ಟರಲ್ಲಿ ನಿನ್ನ ಬಾಲ್ಕನಿಗೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಅಂತ ಒಂದು ಭಾನುವಾರ ನೋಡಿ ಹೇಳು. ಐದಾರು ಗಂಟೆ ಇಲ್ಲದಿದ್ದರೆ ಮಲ್ಲಿಗೆ ಹೂ ಬಿಡುವುದು ಕಷ್ಟ. ಆಗ ದೊಡ್ಡಪತ್ರೆ, ಒಂದೆಲಗ ಕೊಟ್ಟು ಕಳಿಸುತ್ತೇನೆ.

ಆಶೀರ್ವಾದಗಳೊಂದಿಗೆ,
ಅಮ್ಮ
ಮೈಸೂರು