ಹೆಬ್ಬಾತುಗಳಿಗೆ ಹಗಲಿನ ನಿದ್ದೆ ಉಳಿಸಿಕೊಡಿ: ಮಾಗಡಿ ಕೆರೆಯ ಬಗ್ಗೆ ಮನವಿ

ಸ್ಥಳ: ಮಾಗಡಿ
ದಿನಾಂಕ: 15-09-2025

ಗೆ,
ಮಾನ್ಯ ಅಧ್ಯಕ್ಷರು, ಅಭಿವೃದ್ಧಿ ಅಧಿಕಾರಿಗಳು ಮತ್ತು ಎಲ್ಲ ಸದಸ್ಯರು,
ಗ್ರಾಮ ಪಂಚಾಯಿತಿ, ಮಾಗಡಿ,
ತಾ. ಶಿರಹಟ್ಟಿ, ಜಿ. ಗದಗ.

ಇವರಿಂದ: ಕೆರೆಯ ಸುತ್ತಲಿನ ರೈತರು ಮತ್ತು ಗ್ರಾಮಸ್ಥರು.

ವಿಷಯ: ನವೆಂಬರ್‌ನಿಂದ ಮಾರ್ಚ್‌ವರೆಗೆ ಹಕ್ಕಿ ನೋಡಲು ಬರುವವರು ಕೆರೆಯ ಏರಿಯಿಂದ ಮಾತ್ರ ನೋಡುವಂತೆ, ಕೆರೆಯಂಗಳದ ಕಡೆ ಇಳಿಯದಂತೆ ವ್ಯವಸ್ಥೆ ಮಾಡುವ ಕುರಿತು.

ಮಾನ್ಯರೇ,

ಇನ್ನು ಮೂರು ವಾರಕ್ಕೆ ಶೀಗಿ ಹುಣ್ಣಿಮೆ. ಹೊಲಕ್ಕೆ ಚರಗ ಚೆಲ್ಲಿ, ಬದುವಿನ ಮೇಲೆ ಕೂತು ಬುತ್ತಿ ಉಂಡು ಬರುತ್ತೇವೆ. ಆ ಹೊತ್ತಿಗೆ ಬಾಲ ಕುಣಿಸುವ ಸಿಪಿಲೆ, ಗದ್ದೆಗೊರವದಂಥ ಸಣ್ಣ ಹಕ್ಕಿಗಳು ಕೆಸರಿನ ಅಂಚಿನಲ್ಲಿ ಓಡಾಡುತ್ತಿರುತ್ತವೆ. ಅವು ಬಂದವು ಅಂದರೆ ದೊಡ್ಡವೂ ದಾರಿಯಲ್ಲಿವೆ ಎಂದೇ ಲೆಕ್ಕ. ದೀಪಾವಳಿ ಮುಗಿದು ಚಳಿ ಬೀಳುವಾಗ ಒಂದು ದಿನ ನಸುಕಿನಲ್ಲಿ ಮನೆ ಮೇಲಿಂದಲೇ ಆ ಕೂಗು ಕೇಳಿಸುತ್ತದೆ. ಪಟ್ಟೆತಲೆ ಹೆಬ್ಬಾತುಗಳು ಬಂದವು ಎಂದು ಮಕ್ಕಳು ಹಾಸಿಗೆಯಿಂದ ಎದ್ದು ಓಡುತ್ತಾರೆ. ಈ ವರ್ಷ ಅವು ಬರುವ ಮುಂಚೆಯೇ ತಮ್ಮನ್ನು ಒಂದು ಮಾತು ಕೇಳಿಕೊಳ್ಳೋಣ ಎಂದು ಈ ಮನವಿ ಬರೆಯುತ್ತಿದ್ದೇವೆ.

ನಮ್ಮ ಕೆರೆ ಯಾವುದೋ ಕಾಡಿನ ಸರೋವರವಲ್ಲ. ಹಿರಿಯರು ಮಳೆ ನೀರು ಹಿಡಿದು ಹೊಲಕ್ಕೆ ಬಿಡಲು ಕಟ್ಟಿದ ಕೆರೆ. ಎಲ್ಲ ಸೇರಿ 50 ಹೆಕ್ಟೇರ್ ಆಸುಪಾಸು. ಇಷ್ಟು ಚಿಕ್ಕ ಜಾಗಕ್ಕೆ 2024ರ ಜನವರಿ ಕೊನೆಯಲ್ಲಿ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಯಲ್ಲಿ ಹೆಸರು ಸಿಕ್ಕ ಸುದ್ದಿ ಬಂತು. ಅಂಕಸಮುದ್ರ, ಅಘನಾಶಿನಿ ಹೆಸರೂ ಜೊತೆಯಲ್ಲೇ ಬಂದವು. ಅದಕ್ಕೂ ಮುಂಚೆ ನಮ್ಮ ರಾಜ್ಯದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. ರಾಮ್ಸರ್ ದಾಖಲೆ ಪ್ರಕಾರ ಇಲ್ಲಿ 166ಕ್ಕೂ ಜಾಸ್ತಿ ಬಗೆಯ ಹಕ್ಕಿಗಳಿವೆ, ಅದರಲ್ಲಿ 130 ವಲಸೆ ಬರುವಂಥವು. ಹೆಬ್ಬಾತುಗಳೇ ಸುಮಾರು 8 ಸಾವಿರ. ದಕ್ಷಿಣ ಭಾರತದಲ್ಲಿ ಅವು ಚಳಿಗಾಲ ಕಳೆಯುವ ದೊಡ್ಡ ಜಾಗಗಳಲ್ಲಿ ನಮ್ಮೂರೂ ಒಂದು. ಹೆಮ್ಮೆ ಆಗದೆ ಇರುತ್ತದೆಯೇ?

ಹೆಸರು ಬಂದ ಮೇಲೆ ನೋಡುವವರೂ ಬರುತ್ತಾರೆ. ಬರಲಿ, ಅದು ನಮಗೆ ಸಂತೋಷ. ನಮ್ಮ ತಕರಾರು ಇರುವುದು ಅವರು ನಿಲ್ಲುವ ಜಾಗದ ಬಗ್ಗೆ.

ಈ ಹೆಬ್ಬಾತು ಹಗಲು ಮೇಯುವುದು ಕಡಿಮೆ. ಹೊತ್ತು ಮುಳುಗುವಾಗ ಗುಂಪು ಗುಂಪಾಗಿ ಎದ್ದು ಹೊಲಗಳ ಕಡೆ ಹಾರುತ್ತವೆ. ಶೇಂಗಾ ಕಿತ್ತ ಹೊಲದಲ್ಲಿ ಮಣ್ಣಲ್ಲಿ ಉಳಿದ ಕಾಯಿ ಹೆಕ್ಕುತ್ತವೆ, ಎಳೆ ಕಡಲೆ ಮೇಯುತ್ತವೆ. ಬಿಸಿಲೇರುವ ಮುಂಚೆ ಕೆರೆಗೆ ವಾಪಸ್ಸು. ಹಗಲೆಲ್ಲ ಆಳವಿಲ್ಲದ ನೀರಿನಲ್ಲಿ, ಕೆರೆಯಂಗಳದ ಕೆಸರಿನ ಮೇಲೆ ನಿದ್ದೆ. ನೋಡುವವರು ಬರುವುದೂ ಹಗಲಲ್ಲೇ ಅಲ್ವಾ? ಅಂದರೆ ನಾವು ನೋಡಲು ಹೋಗುವುದು ಅವು ಮಲಗಿರುವ ಹೊತ್ತಿನಲ್ಲಿ.

ಈ ಪತ್ರ ಬರೆಯುತ್ತಿರುವ ನನ್ನ ಹೊಲ ಕೆರೆಗೆ ಹತ್ತಿರ. ಹೋದ ಡಿಸೆಂಬರ್‌ನಲ್ಲಿ ಒಂದು ಮಧ್ಯಾಹ್ನ ಜಾಲಿ ಮರದ ನೆರಳಲ್ಲಿ ಕೂತು ನೋಡುತ್ತಿದ್ದೆ. ಹತ್ತಿರದ ಗುಂಪಿನಲ್ಲಿ ಬಹಳಷ್ಟು ಒಂಟಿ ಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಸಿಕ್ಕಿಸಿ ಮಲಗಿದ್ದವು. ಬಿಳಿ ತಲೆ, ಅದರ ಹಿಂದೆ ಕಾಡಿಗೆಯಲ್ಲಿ ಎಳೆದಂತೆ ಎರಡು ಗೆರೆ. ಗೆರೆ ಇನ್ನೂ ಮೂಡದ ಮರಿಗಳೂ ಜೊತೆಗಿದ್ದವು, ಆ ವರ್ಷ ಹುಟ್ಟಿದವು. ಮೂರು ನಾಲ್ಕು ಮಾತ್ರ ಕತ್ತು ನೇರ ಮಾಡಿ ಕಾವಲು ನಿಂತಿದ್ದವು. ಅಷ್ಟರಲ್ಲಿ ಕ್ಯಾಮೆರಾ ಹಿಡಿದ ನಾಲ್ಕು ಜನ ಅಂಗಳಕ್ಕೆ ಇಳಿದರು. ಕಾವಲಿನದು ಒಂದು ಸಲ ಕೂಗಿತು. ಮಲಗಿದ್ದವೆಲ್ಲ ಕತ್ತೆತ್ತಿದವು. ಆ ಜನ ಇನ್ನೂ ಮುಂದೆ ಬಂದರು. ಇಡೀ ಹಿಂಡು ಎದ್ದಿತು. ಕಂಬಳಿ ಕೊಡವಿದ ಹಾಗೆ ಸದ್ದು. ಕೆರೆಯ ಮೇಲೆ ಸುತ್ತು ಹೊಡೆದು, ಇಳಿಯಲು ಬಂದು, ಜನ ಅಲ್ಲೇ ಇದ್ದದ್ದು ನೋಡಿ ಮತ್ತೆ ಮೇಲೇರಿದವು. ಹಾರುವ ಫೋಟೋ ಬೇಕು ಎಂದು ಅವರೇ ಎಬ್ಬಿಸಿದ್ದರು. ನಾನು ಹೋಗಿ ಹೇಳಿದೆ. ಕೆಟ್ಟ ಜನ ಅಲ್ಲ. 'ಗೊತ್ತಿರಲಿಲ್ಲ ಅಣ್ಣಾ' ಎಂದು ಹಿಂದೆ ಸರಿದರು. ಅವರಿಗೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ, ಅಷ್ಟೆ.

ಎರಡು, ಮೂರು ಕಿಲೋ ತೂಗುವ ಈ ಹಕ್ಕಿ ಬರುವುದು ಹಿಮಾಲಯ ದಾಟಿ. ಟಿಬೆಟ್, ಮಂಗೋಲಿಯಾ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡುತ್ತದೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡಿವೆ. 7 ಸಾವಿರ ಮೀಟರ್‌ಗೂ ಮೇಲೆ ಹಾರಿದ ದಾಖಲೆ ಇದೆ. ಮನುಷ್ಯ ಅಲ್ಲಿ ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬಿಡುತ್ತಾನೆ. ಮಾರ್ಚ್‌ನಲ್ಲಿ ಅದೇ ದಾರಿಯಲ್ಲಿ ವಾಪಸ್ಸು ಹೋಗಬೇಕು. ಅದಕ್ಕೆ ಬೇಕಾದ ಕೊಬ್ಬು ಮೈಗೆ ಹತ್ತುವುದು ಇಲ್ಲಿ ತಿಂದ ಕಾಳಿನಿಂದ, ಇಲ್ಲಿ ಮಾಡಿದ ನಿದ್ದೆಯಿಂದ. ಸುಮ್ನೆ ಒಂದು ಸಲ ಎಬ್ಬಿಸಿದರೂ ರಾತ್ರಿ ತಿಂದದ್ದರಲ್ಲಿ ಒಂದಿಷ್ಟು ಕರಗುತ್ತದೆ. ದಿನಕ್ಕೆ ಹತ್ತು ಸಲ ಎಬ್ಬಿಸಿದರೆ ಏನಾದೀತು?

ಇನ್ನೊಂದು ಮಾತು. ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋದರೆ, ಏರಿ ಮೇಲೆ ಹುಲ್ಲಿನ ಹೊರೆ ಹೊತ್ತು ನಡೆದರೆ ಹೆಬ್ಬಾತುಗಳು ತಲೆ ಕೆಡಿಸಿಕೊಳ್ಳುವುದಿಲ್ಲ. ದಿನವೂ ಅದೇ ದಾರಿಯಲ್ಲಿ ಹೋಗುವವರನ್ನು ಅವು ಗುರುತು ಇಟ್ಟುಕೊಂಡಿವೆ. ಅವಕ್ಕೆ ಹೆದರಿಕೆ ದಾರಿ ಬಿಟ್ಟು ತಮ್ಮ ಕಡೆಗೇ ಬರುವವರ ಬಗ್ಗೆ. ಹಾಗಾಗಿ ನೋಡುವವರಿಗೂ ಒಂದೇ ದಾರಿ ಗೊತ್ತುಮಾಡಿ ಎಂಬುದು ನಮ್ಮ ಮುಖ್ಯ ಬೇಡಿಕೆ. ಏರಿಯ ಮೇಲೆ ನಿಂತು ನೋಡಲಿ. ಅಲ್ಲಿಂದ ದುರ್ಬೀನಿನಲ್ಲಿ ತಲೆಯ ಗೆರೆ ಎಣಿಸುವಷ್ಟು ಚೆನ್ನಾಗಿ ಕಾಣುತ್ತದೆ. ಬೆಳಗಿನ ಹೊತ್ತು ಮತ್ತು ಸಂಜೆ ಬಂದರೆ ಸಾವಿರಾರು ಹಕ್ಕಿ ತಾವಾಗಿಯೇ ಇಳಿಯುವುದು, ಏಳುವುದು ನೋಡಬಹುದು, ಎಬ್ಬಿಸುವ ಕೆಲಸವೇ ಇಲ್ಲ. ಕೆರೆಯಂಗಳದ ಕಡೆ ಐದು ತಿಂಗಳು ದನ ಮತ್ತು ರೈತರನ್ನು ಬಿಟ್ಟು ಯಾರೂ ಇಳಿಯದಿರಲಿ. ಗಾಡಿಗಳು ಏರಿಯಿಂದ ದೂರ ನಿಲ್ಲಲಿ. ಡ್ರೋನ್ ಬೇಡವೇ ಬೇಡ. ಆಕಾಶದಲ್ಲಿ ಸದ್ದು ಮಾಡುತ್ತ ಬರುವುದನ್ನು ಅವು ಹದ್ದು ಎಂದೇ ತಿಳಿಯುತ್ತವೆ. ಮದುವೆ ಮೆರವಣಿಗೆಯ ಡಿಜೆ, ಪಟಾಕಿ ಕೆರೆ ಹತ್ತಿರ ಬಾರದಂತೆ ಡಂಗುರ ಹೊಡೆಸಿದರೆ ಊರವರು ಖಂಡಿತ ಕೇಳುತ್ತಾರೆ.

ಇದಕ್ಕೆ ದೊಡ್ಡ ಖರ್ಚಿಲ್ಲ. ಕನ್ನಡದಲ್ಲಿ ದೊಡ್ಡ ಅಕ್ಷರದ ನಾಲ್ಕು ಫಲಕ, ಕಸ ಹಾಕಲು ಡಬ್ಬ, ಶನಿವಾರ ಭಾನುವಾರ ನಿಂತು ಹೇಳಲು ಊರಿನ ನಾಲ್ಕೈದು ಹುಡುಗ ಹುಡುಗಿಯರು. ಅವರಿಗೆ ದಿನಗೂಲಿ ಮತ್ತು ಒಂದೆರಡು ದುರ್ಬೀನು ಕೊಡಿಸಿದರೆ ಬಂದವರಿಗೆ ಹಕ್ಕಿಯ ಹೆಸರೂ ಹೇಳಿಕೊಡುತ್ತಾರೆ. ಶಾಲೆಯ ಮಕ್ಕಳಿಗೆ ಈಗಲೇ ಬಣ್ಣದ ಕೊಕ್ಕರೆ ಯಾವುದು, ಹಾವಕ್ಕಿ ಯಾವುದು ಗೊತ್ತು.

ನಮ್ಮ ಕೆರೆ ಸಂರಕ್ಷಣಾ ಮೀಸಲು ಪ್ರದೇಶ. ಅಂಥ ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕೆಂದು ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಕೃಷಿ ಇಲಾಖೆಯವರೂ ಅದರಲ್ಲಿರಬೇಕು. ಆ ಸಮಿತಿಯಲ್ಲಿ ನಮ್ಮ ಪರವಾಗಿ ಈ ಮಾತು ಎತ್ತಿ. ಜೊತೆಗೆ 2017ರ ಜೌಗುಭೂಮಿ ನಿಯಮಗಳನ್ನೂ ಮುಂದಿಡಿ. ಅದರ ಪ್ರಕಾರ ಕೆರೆಗೆ ಕಸ ಸುರಿಯುವಂತಿಲ್ಲ. ನೀರು ತುಂಬಿ ನಿಲ್ಲುವ ಅಂಚಿನಿಂದ 50 ಮೀಟರ್ ಒಳಗೆ ಶಾಶ್ವತ ಕಟ್ಟಡ ಕಟ್ಟುವಂತಿಲ್ಲ. ನಾಳೆ ಯಾರಾದರೂ ದಂಡೆಯಲ್ಲೇ ಹೋಟೆಲ್ ಕಟ್ಟುತ್ತೇವೆ ಎಂದು ಬಂದರೆ ಈ ನಿಯಮ ತಮ್ಮ ಕೈಯಲ್ಲಿರಲಿ.

ರೈತರ ಮಾತನ್ನೂ ಹೇಳಲೇಬೇಕು. ಹಿಂಗಾರಿಗೆ ಬಿತ್ತಿದ ಕಡಲೆ ಆಗಷ್ಟೇ ಚಿಗುರಿರುವಾಗ ಹೆಬ್ಬಾತು ಬರುತ್ತವೆ. ಒಂದೇ ರಾತ್ರಿಯಲ್ಲಿ ಸಾಲುಗಟ್ಟಲೆ ಸಸಿ ಹೋಗುವುದುಂಟು. ಆದರೂ ನಾವು ಕಲ್ಲು ಎತ್ತಿಲ್ಲ, ದೂರದಿಂದ ಬಂದ ನೆಂಟರು ಎಂದು ಸುಮ್ಮನಿದ್ದೇವೆ. ಅವು ಬಿಟ್ಟುಹೋದ ಹಿಕ್ಕೆ ಗೊಬ್ಬರ ಎನ್ನುವ ಹಿರಿಯರೂ ಇದ್ದಾರೆ. ಆದರೆ ಎರಡು ಎಕರೆಯವನಿಗೆ ಒಂದು ಪಟ್ಟಿ ಹೋದರೂ ಪೆಟ್ಟೇ. ಸಂಜೆ ಇಳಿದ ಹೊಲವನ್ನು ಮರುದಿನವೇ ಬಂದು ನೋಡಿ ಪಂಚನಾಮೆ ಮಾಡಿ, ಬೀಜದ ಖರ್ಚಾದರೂ ಕೈಸೇರುವಂತೆ ಅರಣ್ಯ ಇಲಾಖೆ ಮತ್ತು ಕೃಷಿ ಇಲಾಖೆಗೆ ಪಂಚಾಯಿತಿಯಿಂದ ಬರೆಯಬೇಕು. ಹಕ್ಕಿಗೆ ಅನ್ನ ಹಾಕುವ ಭಾರ ಕೆರೆ ಪಕ್ಕದ ಹೊಲದವರ ಮೇಲೆ ಮಾತ್ರ ಬೀಳಬಾರದು.

ಈ ಎಲ್ಲ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಇಟ್ಟು, ಅಕ್ಟೋಬರ್ ಮುಗಿಯುವುದರೊಳಗೆ ಠರಾವು ಮಾಡಿ, ಫಲಕ ಹಾಕಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಫಲಕ ನೆಡಲು ಗುಂಡಿ ತೋಡುವ ಕೆಲಸ ನಮ್ಮದು. ಯಾವ ದಿನ ಎಂದು ಹೇಳಿ ಕಳಿಸಿದರೆ ಹಾರೆ, ಸಲಿಕೆ ತೆಗೆದುಕೊಂಡು ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮಾಗಡಿ ಕೆರೆಯ ಸುತ್ತಲಿನ ರೈತರು ಮತ್ತು ಗ್ರಾಮಸ್ಥರು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ವಲಯ ಅರಣ್ಯಾಧಿಕಾರಿಗಳಿಗೆ, ಮಾಹಿತಿಗಾಗಿ.