ಶೋಗೆ ಪಗ್ ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರದ ಡಾಗ್ ಶೋಗೆ ಪಗ್ ತಳಿಯ ನಾಯಿ ತರುವವರು ಇದನ್ನು ಪೂರ್ತಿ ಓದಿ.

ಚಿಕ್ಕ ತಳಿಗಳನ್ನು ಜಡ್ಜ್ ಮೇಜಿನ ಮೇಲೆ ನಿಲ್ಲಿಸಿ ನೋಡುತ್ತಾರೆ. ಇವತ್ತಿನಿಂದಲೇ ಮನೆಯ ಮೇಜಿಗೆ ರಬ್ಬರ್ ಮ್ಯಾಟ್ ಹಾಸಿ, ಎರಡೆರಡು ನಿಮಿಷ ನಿಲ್ಲಿಸಿ. ಪಕ್ಕದ ಮನೆಯವರು ಯಾರಾದರೂ ಬಂದು ಬಾಯಿ, ಕಿವಿ, ಪಾದ ಮುಟ್ಟಲಿ. ಹೋದ ಸಲ ನಮ್ಮ ಚಿನ್ನಿ ಮೇಜಿಗೆ ಉಗುರು ಊರಿಕೊಂಡು ಗಡಗಡ ನಡುಗಿದಳು. ಅವಳಿಗೆ ಅಭ್ಯಾಸವೇ ಇರಲಿಲ್ಲ, ಪಾಪ.

ಪಗ್‌ಗೆ 6.3ರಿಂದ 8.1 ಕಿಲೋ ಸರಿಯಾದ ತೂಕ. ದಪ್ಪಗಿದ್ದರೆ ಮುದ್ದು ಅಂತ ಸುಮ್ನೆ ತಿನ್ನಿಸಬೇಡಿ. ಮೂಗಿನ ಹೊಳ್ಳೆ ಅಗಲವಾಗಿ ತೆರೆದಿರಬೇಕು ಅಂತ ತಳಿಯ ಮಾನದಂಡದಲ್ಲೇ ಇದೆ. ನಾಲ್ಕು ಹೆಜ್ಜೆಗೇ ಏದುಸಿರು ಬಿಡುವ ನಾಯಿಯಿಂದ ದಯವಿಟ್ಟು ಮರಿ ಮಾಡಿಸಬೇಡಿ, ಅದು ಎಷ್ಟೇ ಕಪ್ ಗೆದ್ದಿರಲಿ. ಉಸಿರಾಟದ ತೊಂದರೆ ಮರಿಗಳಿಗೂ ಬರುತ್ತದೆ. ಮರಿಗಳ ತಲೆ ದೊಡ್ಡದಾದ್ದರಿಂದ ಈ ತಳಿಯಲ್ಲಿ ಹೆರಿಗೆಗೆ ಆಪರೇಷನ್ ಆಗುವುದೂ ಜಾಸ್ತಿ. ತಾಯಿಯ ಜೀವ ಮುಖ್ಯ ಅಲ್ವಾ?

ಕುಡಿಯುವ ನೀರು, ಒದ್ದೆ ಟವೆಲ್ ಜೊತೆಗಿರಲಿ. ಐದು ನಿಮಿಷಕ್ಕೂ ನಾಯಿಯನ್ನು ಕಾರಿನಲ್ಲಿ ಬಿಡಬೇಡಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರ, ಲಸಿಕೆ ಪುಸ್ತಕ ಮರೆಯಬೇಡಿ. ಮೇಜಿನ ಅಭ್ಯಾಸಕ್ಕೆ ಜಾಗ ಇಲ್ಲದವರು ಶನಿವಾರ ಸಂಜೆ ನಮ್ಮ ಮನೆಗೆ ಬನ್ನಿ.